ಅಳಿಸಿದ್ದೆಲ್ಲ ಗೆಲುವಲ್ಲ

‘ಪ್ರೇಕ್ಷಕರನ್ನು ಅಳಿಸಿದ ಸಿನಿಮಾ ಗೆದ್ದಂತೆಯೇ’ ಎಂದು ಸಿನಿಮಾ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪುವುದಿಲ್ಲ. ಆಸ್ಪತ್ರೆಯ ಮಂಚ, ತಾಯಿಯಿಲ್ಲದ ಮಗು, ಹಿನ್ನೆಲೆಯಲ್ಲಿ ಏರುತ್ತ ಹೋಗುವ ಪಿಟೀಲು ಇವಿಷ್ಟಿದ್ದರೆ ಯಾರ ಕಣ್ಣಾದರೂ ಒದ್ದೆಯಾಗುತ್ತದೆ. ಅದು ನಮ್ಮ ಮನಸ್ಸಿನ ಮೆದುತನವೇ ಹೊರತು ನಿರ್ದೇಶಕರ ಗಳಿಕೆಯಲ್ಲ. 1971ರ ‘ಕಸ್ತೂರಿ ನಿವಾಸ’ದಲ್ಲಿ, ಮನೆಗೆ ಬಂದವಳಿಗೆ ಊಟ ಬಡಿಸಲೆಂದು ನಾಯಕ ಪಾರಿವಾಳವನ್ನು ಮಾರಿದ ಮೇಲೆ ಆಕೆ ಅದೇ ಪಾರಿವಾಳವನ್ನು ಕೇಳುವ ಸನ್ನಿವೇಶ ಎದೆ ಹಿಂಡುವುದಕ್ಕೆ ಕಾರಣ, ಕೇಳಿದವರಿಗೆ ಇಲ್ಲವೆನ್ನದ ಅವನ ಸ್ವಭಾವವನ್ನು ಚಿತ್ರ ಮೊದಲಿನಿಂದಲೂ ತಾಳ್ಮೆಯಿಂದ ಕಟ್ಟಿಕೊಂಡು ಬಂದಿರುವುದು. 2014ರಲ್ಲಿ ಅದು ಬಣ್ಣದಲ್ಲಿ ಮತ್ತೆ ತೆರೆಗೆ ಬಂದಾಗ, ಕಥೆಯ ಕೊನೆ ಚೆನ್ನಾಗಿ ಗೊತ್ತಿದ್ದ ಹುಬ್ಬಳ್ಳಿಯ ನಮ್ಮ ಮನೆಯ ಹಿರಿಯರು ಪುನಃ ಕಣ್ಣೊರೆಸಿಕೊಂಡರು. ಬರೀ ಆಘಾತದಿಂದ ಬಂದ ಅಳು ಎರಡನೆಯ ಸಲಕ್ಕೆ ಬರುವುದಿಲ್ಲ.

ಇನ್ನು ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ಯಲ್ಲಿ ಪಿಂಚಣಿಗಾಗಿ ಕಚೇರಿಗಳಿಗೆ ಅಲೆಯುವ ಮುದುಕನನ್ನು (ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರವದು) ಕಂಡಾಗ ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂದಿತ್ತು. ಲೇಖಕರ ಅಳತೆಗೋಲಿನಲ್ಲಿ ಅಂತಹ ಚಿತ್ರ ಸೋತಂತಾಗುತ್ತದೆ. ಅದನ್ನು ಒಪ್ಪುವುದು ನನ್ನಿಂದ ಸಾಧ್ಯವಿಲ್ಲ.