ಗುರೆಟ್ಸ್ಕಿಯ ಮೂರನೇ ಸಿಂಫನಿಯನ್ನು ಪೂರ್ತಿ ಕೇಳಿ

ಪೋಲೆಂಡಿನ ಸಂಯೋಜಕ ಹೆನ್ರಿಕ್ ಗುರೆಟ್ಸ್ಕಿ ಹೆಸರು ಬಂದರೆ ಸಾಕು, ಜನ ಅವರ ಮೂರನೇ ಸಿಂಫನಿಯ (ವಾದ್ಯವೃಂದದ ದೊಡ್ಡ ಕೃತಿ) ನಡುವಿನ ಭಾಗದ ತುಣುಕೊಂದನ್ನು ಹಂಚುತ್ತಾರೆ. ನಿದ್ದೆ ಬಾರದಾಗ ಹಾಕಿಕೊಳ್ಳುವ ಸಂಗೀತ ಅಂತ ಹಣೆಪಟ್ಟಿ ಬೇರೆ. ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಅವರು ಹುಟ್ಟಿದ್ದು 1933ರಲ್ಲಿ, ದಕ್ಷಿಣ ಪೋಲೆಂಡಿನ ಸಿಲೇಸಿಯಾ ಪ್ರಾಂತ್ಯದ ಚೆರ್ನಿತ್ಸಾ ಎಂಬ ಹಳ್ಳಿಯಲ್ಲಿ. ಎರಡು ವರ್ಷ ತುಂಬಿದ ದಿನವೇ ತಾಯಿ ತೀರಿಕೊಂಡರು. ಆಕೆಗಿನ್ನೂ 26. ತಾಯಿ ನುಡಿಸುತ್ತಿದ್ದ ಪಿಯಾನೋ ಮನೆಯಲ್ಲೇ ಇತ್ತು, ಆದರೆ ಮಲತಾಯಿ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಚಿಕ್ಕವರಿದ್ದಾಗ ಬಿದ್ದು ಸೊಂಟದ ಕೀಲು ತಪ್ಪಿ, ಆಮೇಲೆ ಕ್ಷಯವೂ ತಗುಲಿ, ಜೀವನಪೂರ್ತಿ ಆರೋಗ್ಯ ಕೈಕೊಡುತ್ತಲೇ ಇತ್ತು. ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದು, ನಂತರ ಕಾತೊವಿತ್ಸೆಯಲ್ಲಿ ಸಂಯೋಜನೆ ಕಲಿತರು. 1960ರಲ್ಲಿ ‘ಸ್ಕಾಂತ್ರಿ’ ಎಂಬ ಕೃತಿಯ ಅಬ್ಬರದಿಂದ ವಾರ್ಸಾದ ಸಂಗೀತೋತ್ಸವವನ್ನೇ ಬೆಚ್ಚಿಬೀಳಿಸಿದ್ದರು.

1976ರಲ್ಲಿ ಬರೆದ ಮೂರನೇ ಸಿಂಫನಿಯಲ್ಲಿ ಆ ಅಬ್ಬರ ಇಲ್ಲ. ಮೂರು ಭಾಗ, ಮೂರೂ ವಿಳಂಬ ಗತಿ. ಮೊದಲ ಭಾಗವನ್ನು ದಯವಿಟ್ಟು ಹೆಡ್‌ಫೋನಿನಲ್ಲಿ ಕೇಳಿ. ಶುರುವಾಗುವುದು ಡಬಲ್ ಬೇಸ್‌ಗಳ ತಗ್ಗು ದನಿಯಲ್ಲಿ, ಮೊಬೈಲ್ ಸ್ಪೀಕರಿನಲ್ಲಿ ಅದು ಸರಿಯಾಗಿ ಕೇಳುವುದೇ ಇಲ್ಲ. ಅದೇ ಧಾಟಿಯನ್ನು ಉಳಿದ ತಂತಿವಾದ್ಯಗಳು ಒಂದರ ಹಿಂದೆ ಒಂದು ಹಿಡಿಯುತ್ತಾ, ಪದರದ ಮೇಲೆ ಪದರವಾಗಿ ಮೇಲೇರುತ್ತವೆ. ತುತ್ತತುದಿ ಮುಟ್ಟಿದ ಮೇಲೆ ಎಲ್ಲ ನಿಂತು, ಒಬ್ಬ ಗಾಯಕಿ ಹಾಡುತ್ತಾಳೆ: ಸಾಯುತ್ತಿರುವ ಮಗನ ಮುಂದೆ ಯೇಸುವಿನ ತಾಯಿ ಮೇರಿಯ ಅಳಲು, 15ನೇ ಶತಮಾನದ ಪದ್ಯ. ಆಮೇಲೆ ಪದರಗಳು ಹಾಗೇ ಕಳಚುತ್ತಾ ಮತ್ತೆ ಡಬಲ್ ಬೇಸಿಗೆ ಇಳಿಯುತ್ತವೆ. ಇಷ್ಟಕ್ಕೇ ಸುಮಾರು 25 ನಿಮಿಷ.

ಎಲ್ಲರೂ ಹಂಚುವ ಎರಡನೇ ಭಾಗದ ಮಾತುಗಳು ಪೋಲೆಂಡಿನ ಜಾಕೋಪಾನೆ ಊರಿನಲ್ಲಿದ್ದ, ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊಗಳ ಜೈಲಿನ ಗೋಡೆಯವು. 1944ರ ಸೆಪ್ಟೆಂಬರಿನಲ್ಲಿ 18 ವರ್ಷದ ಹುಡುಗಿಯೊಬ್ಬಳು ಅಲ್ಲಿ ‘ಅಮ್ಮಾ, ಅಳಬೇಡ’ ಅಂತ ಗೀಚಿ, ಮೇರಿಯ ರಕ್ಷೆ ಬೇಡಿದ್ದಳು. ಸೇಡಿನ ಮಾತಿಲ್ಲ, ಶಾಪವಿಲ್ಲ. ಮೂರನೆಯದು, ಸಿಲೇಸಿಯಾದ ದಂಗೆಯಲ್ಲಿ ಸತ್ತ ಮಗನನ್ನು ಹುಡುಕುವ ತಾಯಿಯ ಜನಪದ ಹಾಡು. ಇಡೀ ಕೃತಿಯನ್ನು ಯುದ್ಧದ ಸಿಂಫನಿ ಅನ್ನುವವರು ಜಾಸ್ತಿ. ನನಗೆ ಮೂರರಲ್ಲೂ ಕೇಳುವುದು ತಾಯಿ ಮಕ್ಕಳ ಅಗಲಿಕೆ. ಎರಡು ವರ್ಷಕ್ಕೇ ಅಮ್ಮನನ್ನು ಕಳೆದುಕೊಂಡವರಲ್ವಾ ಅವರು?

1977ರಲ್ಲಿ ಫ್ರಾನ್ಸಿನ ರ್ವಾಯಾನ್‌ನಲ್ಲಿ ಮೊದಲ ಪ್ರದರ್ಶನ ಆದಾಗ ವಿಮರ್ಶಕರು ತರಾಟೆಗೆ ತೆಗೆದುಕೊಂಡರು. 1992ರಲ್ಲಿ ಅಮೆರಿಕದ ಗಾಯಕಿ ಡಾನ್ ಅಪ್‌ಶಾ ಹಾಡಿದ ಧ್ವನಿಮುದ್ರಣ ಬಂತು. ಅದು ಬ್ರಿಟನ್ನಿನ ಪಾಪ್ ಆಲ್ಬಂಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು, ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಅಷ್ಟಾದ ಮೇಲೆ ‘ಜನಕ್ಕೆ ಇಷ್ಟವಾಗಲಿ ಅಂತಲೇ ಬರೆದದ್ದು’ ಅನ್ನುವುದು ದೊಡ್ಡ ಅನ್ಯಾಯ. ಬರೆದು ಆಗಲೇ 16 ವರ್ಷ ಆಗಿತ್ತು! ಆಮೇಲೂ ಅವರು ಅದೇ ಅಚ್ಚಿನ ಇನ್ನೊಂದನ್ನು ಬರೆಯಲಿಲ್ಲ. 1995ರಲ್ಲೇ ಮುಗಿದಿದ್ದ ಮೂರನೇ ಸ್ಟ್ರಿಂಗ್ ಕ್ವಾರ್ಟೆಟ್ಟನ್ನು (ನಾಲ್ಕು ತಂತಿವಾದ್ಯಗಳ ಕೃತಿ) ಅದನ್ನು ನುಡಿಸಬೇಕಿದ್ದ ಕ್ರೋನೋಸ್ ತಂಡಕ್ಕೆ ಕೊಟ್ಟದ್ದು 2005ರಲ್ಲಿ.

ಇಂಥವರು ಯಾರ ಮರ್ಜಿಗೂ ಬಗ್ಗುವವರಲ್ಲ. ಕಾತೊವಿತ್ಸೆಗೆ ಪೋಪ್ ಬರುವುದನ್ನು ಕಮ್ಯುನಿಸ್ಟ್ ಸರ್ಕಾರ ತಡೆದಾಗ, ತಾವು ಓದಿದ ಸಂಗೀತ ಶಾಲೆಯ ಮುಖ್ಯಸ್ಥರ ಹುದ್ದೆಯನ್ನೇ 1979ರಲ್ಲಿ ಬಿಟ್ಟರು. 1981ರಲ್ಲಿ ಬಿದ್‌ಗೋಶ್ಚ್‌ನಲ್ಲಿ ಸರ್ಕಾರದ ಹಿಡಿತಕ್ಕೆ ಸಿಗದ ಕಾರ್ಮಿಕ ಸಂಘಟನೆ ಸಾಲಿಡಾರಿಟಿಯ ಕಾರ್ಯಕರ್ತರಿಗೆ ಪೊಲೀಸರು ಹೊಡೆದಾಗ ‘ಮಿಸೆರೆರೆ’ ಬರೆದರು. ಮೂರನೇ ಸಿಂಫನಿ ಹಿಡಿಸಿದವರು ಮುಂದೆ ಇದನ್ನು ಕೇಳಿ. ವಾದ್ಯ ಒಂದೂ ಇಲ್ಲ, ಬರೀ ಕೋರಸ್. ಅರ್ಧ ಗಂಟೆಗೂ ಮೀರಿದ ಕೃತಿಗೆ ಇರುವುದು ಐದೇ ಲ್ಯಾಟಿನ್ ಪದ, ‘ನಮ್ಮ ದೇವರಾದ ಪ್ರಭುವೇ, ನಮ್ಮನ್ನು ಕರುಣಿಸು’ ಅಂತ. ಆ ‘ಕರುಣಿಸು’ ಬರುವುದು ಕೊನೆಯ ಭಾಗದಲ್ಲಿ ಮಾತ್ರ. ಈ ಕೃತಿಯನ್ನು ಮೊದಲ ಸಲ ಹಾಡಲು 1987ರವರೆಗೆ ಕಾಯಬೇಕಾಯಿತು.