ಪಿತ್ರಾರ್ಜಿತ ಟೊಮ್ಯಾಟೊ

ಉಪನೋಂದಣಿ ಕಚೇರಿಯೊಂದರಲ್ಲಿ 31 ವರ್ಷ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳ ನಡುವೆಯೇ ಕೂದಲು ಹಣ್ಣು ಮಾಡಿಕೊಂಡ ನನಗೆ, ಯಾರಾದರೂ ಒಂದು ವಸ್ತುವನ್ನು ತೋರಿಸಿ ‘ಇದು ನಮ್ಮ ಹಿರಿಯರ ಕಾಲದ್ದು’ ಎಂದರೆ ತಕ್ಷಣ ಕೈಮುಗಿಯುವ ಅಭ್ಯಾಸವಿಲ್ಲ. ಮೊದಲು ಮೂಲಪತ್ರ ಎಲ್ಲಿ ಎಂದು ಕೇಳುತ್ತೇನೆ, ಆಮೇಲೆ ವಂಶವೃಕ್ಷ ಕೇಳುತ್ತೇನೆ, ಎರಡೂ ಸಿಕ್ಕರೆ 30 ವರ್ಷದ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿಕೊಂಡು ಬನ್ನಿ ಎಂದು ಕಳಿಸುತ್ತೇನೆ. ನಿವೃತ್ತನಾದ ಮೇಲೆ ಈ ಚಾಳಿಯನ್ನು ಬಿಡಬೇಕೆಂದುಕೊಂಡಿದ್ದವನು, ಮಗಳ ಮನೆಯಲ್ಲಿ ಆರು ತಿಂಗಳು ಇದ್ದುಬರಲು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಹೋದಾಗ, ಒಂದು ಟೊಮ್ಯಾಟೊ ಹಣ್ಣಿನ ಮೂಲಪತ್ರವನ್ನು ಹುಡುಕಬೇಕಾಗಿ ಬಂತು.

ಶನಿವಾರದ ರೈತರ ಸಂತೆಯಲ್ಲಿ ಅದನ್ನು ಮೊದಲು ನೋಡಿದೆ. ಗಾತ್ರದಲ್ಲಿ ದೊಡ್ಡ ನಿಂಬೆಹಣ್ಣಿನಷ್ಟು, ಬಣ್ಣದಲ್ಲಿ ಎಳೆ ಹಸಿರು, ಆ ಹಸಿರಿನ ಮೇಲೆ ತೊಟ್ಟಿನಿಂದ ಬುಡದವರೆಗೆ ಕಡುಹಸಿರಿನ ಪಟ್ಟೆಗಳು. ಪಕ್ಕದಲ್ಲಿ ಪೌಂಡಿಗೆ ಆರು ಡಾಲರ್ ಎಂಬ ಹಲಗೆ, ಅದರ ಮೇಲ್ಗಡೆ ‘ಏರ್‌ಲೂಮ್’ ಎಂಬ ಪದ. ಹ್ಯಾಂಡ್‌ಲೂಮ್ ಎಂದರೆ ಕೈಮಗ್ಗವೆಂದು ಗೊತ್ತು, ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಪವರ್‌ಲೂಮಿನ ಸದ್ದನ್ನೂ ಕೇಳಿದ್ದೇನೆ. ಗಾಳಿಯಲ್ಲೇ ನೇಯುವ ಮೂರನೆಯ ಮಗ್ಗವೊಂದು ಅಮೆರಿಕದಲ್ಲಿ ಇರಬಹುದೆಂದುಕೊಂಡೆ. ಹಣ್ಣಿನ ಮೈಮೇಲಿನ ಪಟ್ಟೆಗಳು ಸೀರೆಯ ಪಟ್ಟೆಯಷ್ಟೇ ಅಚ್ಚುಕಟ್ಟಾಗಿದ್ದುದರಿಂದ ಅನುಮಾನ ಬಲವಾಯಿತು. ‘ಮಗ್ಗ ಅಲ್ಲಪ್ಪ, ತಲೆತಲಾಂತರದಿಂದ ಬಂದದ್ದು ಅಂತ ಅರ್ಥ’ ಎಂದು ಮಗಳು ಅತ್ತಿತ್ತ ನೋಡುತ್ತಾ ಪಿಸುಗುಟ್ಟಿದಳು. ಅಂದರೆ ಪಿತ್ರಾರ್ಜಿತ. ಆ ಪದವೇ ನಮ್ಮ ಕಸುಬಿನದೆಂದು ಆಮೇಲೆ ತಿಳಿಯಿತು: ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ, ಮನೆ ಮತ್ತು ಜಮೀನಿನ ಜೊತೆಗೆ ವಾರಸುದಾರನಿಗೇ ಸೇರಬೇಕಾದ, ಬೇರೆಯವರಿಗೆ ಉಯಿಲು ಬರೆದುಕೊಡಲು ಬಾರದ ಚರಾಸ್ತಿಗೆ ಆ ಹೆಸರಿತ್ತು. ಕಸುಬಿನ ಪದವನ್ನು ಕಿವಿಗೆ ಹಾಕಿದ ಮೇಲೆ ದಾಖಲೆ ಪರಿಶೀಲಿಸದೆ ಇರುವುದು ನನ್ನ ಕೈಲಾಗುವ ಕೆಲಸವಲ್ಲ.

ಪರಿಶೀಲನೆಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಈ ಹಣ್ಣಿನ ಹೆಸರು ಗ್ರೀನ್ ಜೀಬ್ರಾ. ಟಾಮ್ ವಾಗ್ನರ್ ಎಂಬ ತಳಿಗಾರರು, ಹಣ್ಣಾದರೂ ಹಸಿರಾಗಿಯೇ ಉಳಿಯುವ ಆದರೆ ಮೈ ಬಿರಿಯುವ ದೋಷವಿದ್ದ ಎವರ್‌ಗ್ರೀನ್ ಮೊದಲಾದ ಹಳೆಯ ತಳಿಗಳನ್ನು ವರ್ಷಗಟ್ಟಲೆ ಒಂದರೊಡನೊಂದು ಅಡ್ಡಹಾಯಿಸಿ ಇದನ್ನು ಪಡೆದರು. ‘ಟೇಟರ್ ಮೇಟರ್’ ಎಂಬ ತಮ್ಮ ಬೀಜಪಟ್ಟಿಯ ಮೂಲಕ ಹೊರತಂದದ್ದು 1983ರಲ್ಲಿ. ಹೆಸರು, ವರ್ಷ, ತಂದೆತಾಯಿ ಎಲ್ಲವೂ ಬಹಿರಂಗವಾಗಿವೆ. ನಮ್ಮ ಭಾಷೆಯಲ್ಲಿ ಇದು ಅಪ್ಪಟ ಸ್ವಯಾರ್ಜಿತ. ಒಬ್ಬ ಮನುಷ್ಯ ತನ್ನ ಬೆವರಿನಿಂದ ಗಳಿಸಿದ್ದನ್ನು, ಆತ ಇನ್ನೂ ಹೊಲದಲ್ಲಿ ಓಡಾಡುತ್ತಿರುವಾಗಲೇ ಆತನ ಮುತ್ತಾತನ ಹೆಸರಿಗೆ ಖಾತೆ ಮಾಡಿಕೊಟ್ಟ ಪ್ರಕರಣವನ್ನು ನಾನಂತೂ ಸೇವಾವಧಿಯಲ್ಲಿ ಕಂಡಿರಲಿಲ್ಲ.

1983 ಎಂದರೆ ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮುಖ್ಯಮಂತ್ರಿಯಾದ ವರ್ಷ, ಕಪಿಲ್ ದೇವ್ ಲಾರ್ಡ್ಸ್‌ನಲ್ಲಿ ಕಪ್ ಎತ್ತಿದ ವರ್ಷ, ಮಾರುತಿ 800 ರಸ್ತೆಗಿಳಿದ ವರ್ಷ. ನನ್ನ ಮದುವೆಗೆ ಸೋದರಮಾವ ಕೊಟ್ಟ ಪ್ರೆಷರ್ ಕುಕ್ಕರು ಈ ಪಿತ್ರಾರ್ಜಿತ ಹಣ್ಣಿಗಿಂತ ಎರಡು ವರ್ಷ ಹಿರಿಯದು. ಅದರ ಗ್ಯಾಸ್ಕೆಟ್ಟು ಮಾತ್ರ ನಾಲ್ಕಾರು ಸಲ ಬದಲಾಗಿದೆ. ಆ ಕುಕ್ಕರನ್ನು ವಂಶದ ನಿಧಿಯೆಂದು ಸನ್ನಿವೇಲ್‌ಗೆ ಹೊತ್ತು ತಂದಿದ್ದರೆ ಸಂತೆಯಲ್ಲಿ ಪೌಂಡಿಗೆ ಎಷ್ಟು ಸಿಗುತ್ತಿತ್ತೋ ಎಂಬ ಯೋಚನೆ ಬಾರದೆ ಇರಲಿಲ್ಲ.

ಪಿತ್ರಾರ್ಜಿತವೆನಿಸಿಕೊಳ್ಳಲು ನಿಯಮವೇ ಇಲ್ಲವೇ ಎಂದರೆ, ಇದೆ. ಒಂದಲ್ಲ, ಹಲವು ಇವೆ. ಗಾಳಿಗೋ ಜೇನ್ನೊಣಕ್ಕೋ ಪರಾಗಸ್ಪರ್ಶವಾಗಿ, ಬೀಜ ಹಿಡಿದಿಟ್ಟು ಬಿತ್ತಿದರೆ ತಾಯಿಯಂಥದೇ ಮಗು ಹುಟ್ಟಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ವಯಸ್ಸಿನ ವಿಚಾರಕ್ಕೆ ಬಂದರೆ, 50 ವರ್ಷ ತುಂಬಿರಬೇಕು ಎನ್ನುವವರು ಕೆಲವರು. ಸಂಕರ ಬೀಜಗಳು ಮಾರುಕಟ್ಟೆಯನ್ನು ತುಂಬಿಕೊಂಡದ್ದು ಎರಡನೆಯ ಮಹಾಯುದ್ಧದ ನಂತರವಾದ್ದರಿಂದ, ಅದಕ್ಕೂ ಮೊದಲೇ ಹುಟ್ಟಿರಬೇಕು ಎನ್ನುವವರು ಇನ್ನು ಕೆಲವರು. ಮೊದಲನೆಯ ಲೆಕ್ಕದಲ್ಲಿ ಗ್ರೀನ್ ಜೀಬ್ರಾ 2033ರವರೆಗೆ ಸಾಲಿನಲ್ಲಿ ನಿಲ್ಲಬೇಕು. ಎರಡನೆಯ ಲೆಕ್ಕದಲ್ಲಿ ಅದು ಎಷ್ಟು ಕಾಲ ನಿಂತರೂ ಬಾಗಿಲು ತೆರೆಯುವುದಿಲ್ಲ. ಹಾಗಾದರೆ ಒಳಗೆ ಬಂದದ್ದು ಹೇಗೆ? ನನ್ನ ಅಭಿಪ್ರಾಯದಲ್ಲಿ ಇದು ಪ್ರತಿಕೂಲ ಸ್ವಾಧೀನದ ಸ್ಪಷ್ಟ ಪ್ರಕರಣ. ನಮ್ಮ ಕಾಲಮಿತಿ ಕಾಯಿದೆಯ ಪ್ರಕಾರ, ಒಬ್ಬನು ಇನ್ನೊಬ್ಬನ ಸ್ವತ್ತಿನಲ್ಲಿ ಬಹಿರಂಗವಾಗಿ, ನಿರಂತರವಾಗಿ, ನಿಜವಾದ ಮಾಲೀಕನ ಕಣ್ಣೆದುರೇ, ತನ್ನದೆಂದೇ ಹೇಳಿಕೊಳ್ಳುತ್ತಾ 12 ವರ್ಷ ಕುಳಿತರೆ, ಅಲ್ಲಿಂದ ಅವನನ್ನು ಎಬ್ಬಿಸುವುದು ಮಾಲೀಕನಿಗೂ ಕಷ್ಟ. ಗ್ರೀನ್ ಜೀಬ್ರಾ ಕುಳಿತದ್ದು ತಟ್ಟೆಯಲ್ಲಿ. ಸನ್ನಿವೇಲ್‌ನಿಂದ ಕೊಲ್ಲಿಯ ಆಚೆಗಿರುವ ಬರ್ಕ್ಲಿಯಲ್ಲಿ ಆಲಿಸ್ ವಾಟರ್ಸ್ ಅವರ ಷೆ ಪನೀಸ್ ಎಂಬ ಹೆಸರಾಂತ ಭೋಜನಶಾಲೆ ಅದನ್ನು ಬಡಿಸಿತು. ಉಳಿದ ಬಾಣಸಿಗರೂ ಕೆಂಪು, ಹಳದಿ, ನೇರಳೆ ಹೋಳುಗಳ ನಡುವೆ ಒಂದು ಹಸಿರು ಹೋಳು ಬೇಕೆಂದು ಅದನ್ನೇ ಇಟ್ಟರು. ಅಕ್ಕಪಕ್ಕದಲ್ಲಿ ಕುಳಿತವರೆಲ್ಲ ಹಳೆಯ ಮನೆತನದವರಾದ್ದರಿಂದ ನಡುವಿನವನ ಪೂರ್ವೋತ್ತರವನ್ನು ಯಾರೂ ವಿಚಾರಿಸಲಿಲ್ಲ. ಮದುವೆಮನೆಯ ಮೊದಲ ಪಂಕ್ತಿಯಲ್ಲಿ ಹೀಗೆ ಊಟ ಮುಗಿಸಿ ಎದ್ದವರನ್ನು ನಾವೂ ನೋಡಿಲ್ಲವೇ?

ಹಳೆಯ ಮನೆತನಗಳೇ ಸುಳ್ಳೆಂದು ನಾನು ಹೇಳುತ್ತಿಲ್ಲ. ಬವೇರಿಯಾದಿಂದ ವಲಸೆ ಬಂದ ಕುಟುಂಬವೊಂದು ತನ್ನೊಡನೆ ತಂದು ತಲೆಮಾರುಗಳವರೆಗೆ ಬಿತ್ತಿಕೊಂಡು ಬಂದ ಜರ್ಮನ್ ಪಿಂಕ್ ಎಂಬ ಟೊಮ್ಯಾಟೊದಿಂದಲೂ ಒಂದು ಹೂಬಳ್ಳಿಯಿಂದಲೂ 1975ರಲ್ಲಿ ಆರಂಭವಾದ ಸೀಡ್ ಸೇವರ್ಸ್ ಎಕ್ಸ್‌ಚೇಂಜ್ ಎಂಬ ಸಂಸ್ಥೆ, ಇಂದಿಗೂ ಅಯೋವಾ ರಾಜ್ಯದಲ್ಲಿ ಸಾವಿರಾರು ತಳಿಗಳ ಬೀಜವನ್ನು ಕಾಪಾಡುತ್ತಿದೆ. ಅಂಥವರ ಮುಂದೆ ನನ್ನ ಇಸಿ ಅರ್ಜಿಯನ್ನು ಮಡಚಿ ಜೇಬಿಗಿಡುತ್ತೇನೆ. ನನಗೆ ಅತ್ಯಂತ ಪ್ರಿಯವಾದ ವಂಶಸ್ಥನ ಹೆಸರಂತೂ ಮಾರ್ಟ್‌ಗೇಜ್ ಲಿಫ್ಟರ್, ಅಂದರೆ ಅಡಮಾನ ಬಿಡಿಸಿದವನು. ವೆಸ್ಟ್ ವರ್ಜೀನಿಯಾದಲ್ಲಿ ‘ರೇಡಿಯೇಟರ್ ಚಾರ್ಲಿ’ ಎಂದು ಕರೆಯಲಾಗುತ್ತಿದ್ದ ಮೆಕ್ಯಾನಿಕ್ ಒಬ್ಬರು ಈ ದೊಡ್ಡ ಹಣ್ಣಿನ ತಳಿಯನ್ನು ತಾವೇ ರೂಪಿಸಿ, 1940ರ ದಶಕದಲ್ಲಿ ಸಸಿಗೆ ಒಂದು ಡಾಲರಿನಂತೆ ಮಾರಿ, ಮನೆಯ ಮೇಲಿದ್ದ 6,000 ಡಾಲರ್ ಸಾಲವನ್ನು ಆರು ವರ್ಷದಲ್ಲಿ ತೀರಿಸಿದರು. ಖುಲಾಸೆ ಪತ್ರದ ಹೆಸರನ್ನು ಹೊತ್ತ ತರಕಾರಿ ಜಗತ್ತಿನಲ್ಲಿ ಇದೊಂದೇ ಇರಬೇಕು.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ಅಳಿಯಂದಿರು ಹಿತ್ತಲಿನಲ್ಲಿ ಮೂರು ಗ್ರೀನ್ ಜೀಬ್ರಾ ಸಸಿಗಳನ್ನು ನೆಟ್ಟಿದ್ದರು. ನೆಲದಲ್ಲಿ ನೆಟ್ಟರೆ ಸಂಪ್ರದಾಯಕ್ಕೆ ಕುಂದೆಂದು ದೇವದಾರು ಹಲಗೆಯ ಎತ್ತರದ ಪೆಟ್ಟಿಗೆ ಮಾಡಿಸಿದರು. ಪೆಟ್ಟಿಗೆಗೆ ಮಣ್ಣನ್ನು ಅಂಗಡಿಯಿಂದ ಚೀಲದಲ್ಲಿ ತಂದರು. ಹನಿ ನೀರಾವರಿಗೆ ಕೊಳವೆ, ಕೊಳವೆಗೆ ಗಡಿಯಾರ, ಗಡಿಯಾರಕ್ಕೆ ಫೋನಿನಲ್ಲೊಂದು ಆ್ಯಪ್. ಬಳ್ಳಿಯ ಹಾಗೆ ಎತ್ತರಕ್ಕೆ ಬೆಳೆಯುತ್ತಲೇ ಹೋಗುವ ಗಿಡವಾದ್ದರಿಂದ ಮೂರಕ್ಕೂ ತಂತಿಯ ಪಂಜರ, ಅಳಿಲು ಬಾರದಂತೆ ಪಂಜರಕ್ಕೆ ಬಲೆ. ಜುಲೈನಲ್ಲಿ ಕೆಲವು ಕಾಯಿಗಳ ಬುಡ ಕಪ್ಪಾಗಿ ಕೊಳೆಯತೊಡಗಿತು. ನೀರು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾದರೆ ಗಿಡಕ್ಕೆ ಸುಣ್ಣದ ಅಂಶವನ್ನು ಕಾಯಿಯವರೆಗೆ ಸಾಗಿಸಲಾಗದೆ ಹೀಗಾಗುತ್ತದೆಯೆಂದು ಮುಳಬಾಗಿಲಿನ ಯಾವ ಟೊಮ್ಯಾಟೊ ರೈತನೂ ನಿಂತಲ್ಲೇ ಹೇಳುತ್ತಿದ್ದ. ಅಳಿಯಂದಿರು ಮಣ್ಣಿನ ಪರೀಕ್ಷೆಗೆ ಹಣ ಕಟ್ಟಿ ತಿಳಿದುಕೊಂಡರು. ಒಟ್ಟು ಖರ್ಚು 390 ಡಾಲರ್, ಕೈಗೆ ಸಿಕ್ಕಿದ್ದು 39 ಹಣ್ಣು, ಹಣ್ಣೊಂದಕ್ಕೆ ಹತ್ತು ಡಾಲರ್. ಅಡಮಾನ ಬಿಡಿಸಿದ ಆ ಮೆಕ್ಯಾನಿಕ್‌ ಮಹಾಶಯರ ಮನೆಯನ್ನು ಮತ್ತೆ ಅಡಮಾನಕ್ಕೆ ಇಡಿಸುವ ಶಕ್ತಿ ಈ ಮೂರು ಗಿಡಗಳಿಗಿತ್ತು.

ಆ 39 ಕೂಡ ನನ್ನ ಹೆಂಡತಿಯ ಕಣ್ಣು ತಪ್ಪಿಸಿ ಉಳಿದವು. ಟೊಮ್ಯಾಟೊ ಕೆಂಪಾಗುವವರೆಗೆ ಕಾಯಿ, ಕೆಂಪಾದ ಮೇಲೆ ಹಣ್ಣು ಎಂಬ ಏಕೈಕ ನಿಯಮದ ಮೇಲೆ ಸಂಸಾರ ನಡೆಸಿಕೊಂಡು ಬಂದ ಆಕೆ, ಇಡೀ ಆಗಸ್ಟ್ ತಿಂಗಳು ದಿನಬೆಳಗಾದರೆ ಬಲೆಯ ಹೊರಗೆ ನಿಂತು ಕೆಂಪಿಗಾಗಿ ಕಾದಳು; ಮಾಗಿದ ಹಣ್ಣುಗಳು ಒಂದೊಂದಾಗಿ ಉದುರಿ ಅಳಿಲಿನ ಪಾಲಾದವು. ಹಸಿರು ಪಟ್ಟೆಗಳ ನಡುವಿನ ಜಾಗ ಜೇನಿನ ಹಳದಿಗೆ ತಿರುಗಿದಾಗ, ಒತ್ತಿದರೆ ಬೆರಳಿಗೆ ಮೆತ್ತಗೆ ಸಿಕ್ಕಾಗ ಅದು ಹಣ್ಣಾಯಿತೆಂದು ತಿಳಿಯಬೇಕು, ಒಳಗಿನ ತಿರುಳು ಆಗಲೂ ಪಚ್ಚೆಯಾಗಿಯೇ ಇರುತ್ತದೆ ಎಂದು ಮಗಳು ವಿವರಿಸಿದ ಮೇಲೆ, ‘ಕಾಯಿಯೋ ಹಣ್ಣೋ ಅಂತ ತನಗೇ ಗೊತ್ತಿಲ್ಲದ್ದನ್ನು ಇಷ್ಟು ದುಡ್ಡು ಸುರಿದು ಬೆಳೀಬೇಕೇನೇ?’ ಎಂದು ಕೇಳಿ, ಆಗ ಮಾಗಿದ್ದವನ್ನೆಲ್ಲ ಕಿತ್ತು ಗೊಜ್ಜು ಮಾಡಿದಳು. ಹುಳಿ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು.

ಹೆಂಡತಿಯ ಪ್ರಶ್ನೆಯನ್ನು ಅಮೆರಿಕದ ಸುಪ್ರೀಂ ಕೋರ್ಟು ಬಹಳ ಹಿಂದೆಯೇ ವಿಚಾರಣೆಗೆ ತೆಗೆದುಕೊಂಡಿತ್ತೆಂಬುದನ್ನು ಇಲ್ಲಿ ಹೇಳದೆ ಹೋದರೆ ನನ್ನ ಕಸುಬಿಗೆ ಅಪಚಾರ. 1883ರ ಸುಂಕದ ಕಾಯಿದೆಯಲ್ಲಿ ಹೊರದೇಶದ ತರಕಾರಿಗೆ ಶೇ 10ರ ಸುಂಕ, ಹಣ್ಣಿಗೆ ವಿನಾಯಿತಿ. ಆಮದುದಾರರು ಟೊಮ್ಯಾಟೊ ಹಣ್ಣೆಂದು ದಾವೆ ಹೂಡಿದರು. ಉಭಯ ಪಕ್ಷದ ವಕೀಲರು ನಿಘಂಟುಗಳನ್ನು ತೆರೆದು ಬದನೆ, ಬಟಾಣಿ, ಸೌತೆಗಳ ಅರ್ಥವನ್ನು ಕೋರ್ಟಿಗೆ ಓದಿ ಹೇಳಿದರು. 1893ರಲ್ಲಿ ಬಂದ ತೀರ್ಪಿನ ಪ್ರಕಾರ, ಸಸ್ಯಶಾಸ್ತ್ರ ಏನೇ ಹೇಳಲಿ, ಊಟದ ನಡುವೆ ಬಡಿಸುವುದರಿಂದ ಟೊಮ್ಯಾಟೊ ತರಕಾರಿ. ಅರ್ಕಾನ್ಸಾ ರಾಜ್ಯ ಆ ಜಗಳವೇ ಬೇಡವೆಂದು 1987ರಲ್ಲಿ ತನ್ನ ಟೊಮ್ಯಾಟೊವನ್ನು ಅಧಿಕೃತ ರಾಜ್ಯಫಲವೆಂದೂ ಅಧಿಕೃತ ರಾಜ್ಯತರಕಾರಿಯೆಂದೂ ಒಟ್ಟಿಗೇ ಘೋಷಿಸಿತು. ಒಂದೇ ಸರ್ವೆ ನಂಬರಿಗೆ ಎರಡು ಖಾತೆ. ನಮ್ಮ ಕಡೆ ಇಂಥದಕ್ಕೆ ಗುಮಾಸ್ತರನ್ನು ಅಮಾನತು ಮಾಡುತ್ತಾರೆ.

ನಮ್ಮ ಕಡೆಯವರನ್ನು ನೋಡಿ ನಗುವ ಅವಕಾಶವನ್ನೂ ಈ ಹಣ್ಣು ಬಿಡಲಿಲ್ಲ. ಬೆಂಗಳೂರಿನಲ್ಲಿ ತಾರಸಿ ತೋಟ ಮಾಡಿರುವ ನನ್ನ ಭಾವಮೈದ, ಇದೇ ಗ್ರೀನ್ ಜೀಬ್ರಾದ ಹತ್ತು ಬೀಜದ ಪೊಟ್ಟಣವನ್ನು ‘ಪಾರಂಪರಿಕ’ ಎಂಬ ಚೀಟಿಯೊಡನೆ ತರಿಸಿಕೊಂಡು ಬಿತ್ತಿದನಂತೆ. ಬಿಳಿನೊಣ ಹರಡುವ ಎಲೆಮುರುಟು ರೋಗಕ್ಕೆ ಈ ಪರಂಪರೆಯ ಪರಿಚಯವಿಲ್ಲವಾದ್ದರಿಂದ ಹೂ ಬಿಡುವ ಮೊದಲೇ ಗಿಡಗಳು ಮುದುಡಿದವು. ಎಲೆಮುರುಟು, ಸೊರಗು, ಎಲೆಚುಕ್ಕೆ ಈ ಮೂರನ್ನೂ ತಾಳಿಕೊಳ್ಳುವ ಅರ್ಕಾ ರಕ್ಷಕ್ ಎಂಬ ತಳಿಯನ್ನು ಅವನ ಮನೆಯಿಂದ ಹೆಚ್ಚು ದೂರವಿಲ್ಲದ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆಯಲ್ಲ ಎಂದು ನೆನಪಿಸಿದರೆ, ‘ಅದು ಹೈಬ್ರಿಡ್ಡು ಭಾವ’ ಎಂದು ಮೂಗು ಮುರಿದ. ಇತ್ತ ಕೋಲಾರದ ಮಾರುಕಟ್ಟೆಯಲ್ಲಿ, 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿ, ರೈತರು ಹೊಲದಲ್ಲಿ ರಾತ್ರಿ ಕಾವಲು ಮಲಗಿದ್ದರು. ಕೆಲವೇ ವಾರಗಳಲ್ಲಿ ಬೆಲೆ ಬಿದ್ದು, ಅದೇ ಬಾಕ್ಸಿಗೆ ಕೊಯ್ಲಿನ ಕೂಲಿ ಹುಟ್ಟುವುದೂ ದುಸ್ತರವಾಯಿತು. ಅಳಿಯಂದಿರ ಒಂದು ಹಣ್ಣಿನ ಬೆಲೆಗೆ ಅಂಥ ದಿನಗಳಲ್ಲಿ ಎಷ್ಟು ಬಾಕ್ಸು ಬರುತ್ತದೆಂದು ಲೆಕ್ಕ ಹಾಕಲು ಕುಳಿತವನು, ಹೆಂಡತಿ ಕಾಫಿ ತಂದದ್ದರಿಂದ ಅರ್ಧಕ್ಕೇ ನಿಲ್ಲಿಸಿದೆ.

ಸೆಪ್ಟೆಂಬರಿನಲ್ಲಿ ಪಿತೃಪಕ್ಷ ಬಂತು. ನಮ್ಮ ಮನೆಯಲ್ಲಿ ತಿಥಿಯ ಅಡುಗೆಗೆ ಬಾಳೆಕಾಯಿ, ಹಾಗಲಕಾಯಿ, ಖಾರಕ್ಕೆ ಕಾಳುಮೆಣಸು. ಪೋರ್ಚುಗೀಸರ ಹಡಗುಗಳಲ್ಲಿ ಬಂದು ಶತಮಾನಗಳೇ ಕಳೆದಿದ್ದರೂ ಮೆಣಸಿನಕಾಯಿಗೂ ಟೊಮ್ಯಾಟೊಗೂ ಆ ದಿನ ಅಡುಗೆಮನೆಗೆ ಪ್ರವೇಶವಿಲ್ಲ, ಏಕೆಂದರೆ ಅವು ನಿನ್ನೆ ಮೊನ್ನೆ ಬಂದವು. ಅಳಿಯಂದಿರು ಮಾತ್ರ ಬಹಳ ಉತ್ಸಾಹದಲ್ಲಿದ್ದರು. ಕೊನೆಯ ಐದು ಗ್ರೀನ್ ಜೀಬ್ರಾಗಳನ್ನು ತೊಳೆದು ಬೆಳ್ಳಿಯ ತಟ್ಟೆಯಲ್ಲಿಟ್ಟು, ‘ಮಾವ, ಉಳಿದ ಟೊಮ್ಯಾಟೊ ಬೇರೆ, ಇದು ಬೇರೆ, ಹೆಸರೇ ಪಿತ್ರಾರ್ಜಿತ ಅಂತ ಇರುವಾಗ ಪಿತೃಗಳಿಗೆ ಬಡಿಸಿದರೆ ತಪ್ಪೇನು?’ ಎಂದು ಕೇಳಿದರು. ನಾನು ನಿರ್ಣಯ ಹೇಳುವ ಅಧಿಕಾರ ನನಗಿಲ್ಲವೆಂದು ಜಾರಿಕೊಂಡೆ. ಮುಳಬಾಗಿಲಿನಿಂದ ವಿಡಿಯೊದಲ್ಲಿ ಮಂತ್ರ ಹೇಳಿಸುತ್ತಿದ್ದ ನಮ್ಮ ಪುರೋಹಿತರು ತಟ್ಟೆಯನ್ನು ಪರದೆಗೆ ಹತ್ತಿರ ಹಿಡಿಸಿ ನೋಡಿದರು, ಅಳಿಯಂದಿರ ವಾದವನ್ನು ಪೂರ್ತಿ ಕೇಳಿಸಿಕೊಂಡರು, ಕನ್ನಡಕ ಸರಿಮಾಡಿಕೊಂಡರು.

‘ಪಿತೃಗಳದ್ದು ಅಂತ ನೀವು ಹೇಳ್ತಿದ್ದೀರಿ, ಆಗಲಿ. ಯಾರ ಪಿತೃಗಳದ್ದು? ಗೋತ್ರ ಹೇಳಿ.’

ಅಳಿಯಂದಿರು ನನ್ನ ಮುಖ ನೋಡಿದರು. ಮಗಳು ಓಡಿಹೋಗಿ ಕಪಾಟಿನಿಂದ ಬೀಜದ ಹಳೆಯ ಪೊಟ್ಟಣವನ್ನು ತಂದುಕೊಟ್ಟಳು. ನಾನು ಅಭ್ಯಾಸಬಲದಿಂದ ಅದನ್ನು ಬೆಳಕಿಗೆ ಹಿಡಿದು, ಮುಂದೆ ಹಿಂದೆ ಎರಡು ಸಲ ಓದಿದೆ. ನಾಟಿ ಮಾಡಿದ 75 ದಿನಗಳಿಗೆ ಫಲ ಬರುತ್ತದೆ ಎಂದಷ್ಟೇ ಇತ್ತು.