ಅನುಮಾನಕ್ಕೆ ಅಡುಗೆಯವನೇ ಮೊದಲು

ಕೊಲೆಗಾರ ಯಾರೆಂದು ದಯವಿಟ್ಟು ಯಾರಿಗೂ ಹೇಳಬೇಡಿ ಎಂದು ಥ್ರಿಲ್ಲರ್ ಚಿತ್ರದ ನಿರ್ದೇಶಕರು ಪತ್ರಿಕಾಗೋಷ್ಠಿಯಲ್ಲಿ ಕೈಮುಗಿದು ಬೇಡಿಕೊಳ್ಳುವುದು ಈಗ ಮುಹೂರ್ತದ ಪೂಜೆ, ಕೊನೆಯ ದಿನದ ಕುಂಬಳಕಾಯಿಗಳಷ್ಟೇ ಕಡ್ಡಾಯದ ಶಾಸ್ತ್ರವಾಗಿಬಿಟ್ಟಿದೆ. ಪ್ರೇಕ್ಷಕ ಪಾಪ ಬಾಯಿ ಮುಚ್ಚಿಕೊಂಡೇ ಇರುತ್ತಾನೆ. ಗುಟ್ಟನ್ನು ರಟ್ಟು ಮಾಡುವುದು ಚಿತ್ರದ ಪಾತ್ರವರ್ಗ. ಹೆಸರಾಂತ ನಟರೊಬ್ಬರು ಮೊದಲಾರ್ಧದಲ್ಲಿ ಎರಡೇ ದೃಶ್ಯಗಳಲ್ಲಿ ಬಂದು, ನಾಯಕಿಗೆ ಕಾಫಿ ಕೊಟ್ಟು, ‘ಹುಷಾರಮ್ಮ’ ಎಂದು ಹೇಳಿ ಹೋದರೆ, ಅಷ್ಟೊಂದು ಸಂಭಾವನೆ ಪಡೆದವರು ಬರೀ ಕಾಫಿ ಕೊಡಲು ಬಂದಿರಲಾರರು ಎಂಬುದು ಬಾಲ್ಕನಿಯ ಕೊನೆಯ ಸಾಲಿನವನಿಗೂ ಹೊಳೆಯುತ್ತದೆ. ಇನ್ನು, ಮಳೆಯ ರಾತ್ರಿಯಲ್ಲಿ ರೇನ್‌ಕೋಟು ತೊಟ್ಟು ನಿಂತ ಆಕೃತಿಯ ಮುಖ ಕಾಣದಂತೆ ಛಾಯಾಗ್ರಾಹಕರು ಪಟ್ಟ ಶ್ರಮವೆಲ್ಲ, ತೆರೆಯ ಕೆಳಗೆ ‘ಧೂಮಪಾನ ಆರೋಗ್ಯಕ್ಕೆ ಹಾನಿಕರ’ ಎಂಬ ಅಕ್ಷರಗಳು ಮೂಡಿದ ಕ್ಷಣದಲ್ಲಿ ನೀರುಪಾಲಾಗುತ್ತದೆ. ಇಡೀ ಕಥೆಯಲ್ಲಿ ಸಿಗರೇಟು ಸೇದುವವರು ನಾಯಕಿಯ ಚಿಕ್ಕಪ್ಪ ಒಬ್ಬರೇ. ಹೀಗೆ ಆರೋಗ್ಯ ಸಚಿವಾಲಯವು ಇನ್‌ಸ್ಪೆಕ್ಟರಿಗಿಂತ ಮೊದಲೇ ಪ್ರಕರಣವನ್ನು ಭೇದಿಸಿರುತ್ತದೆ.

ಇದೆಲ್ಲ ನಿರುಪದ್ರವಿ ತಮಾಷೆ. ನನ್ನ ತಕರಾರಿರುವುದು ಶಂಕಿತರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ. ಬಂಗಲೆಯಲ್ಲಿ ಯಜಮಾನರು ಸತ್ತುಬಿದ್ದ ಕೂಡಲೇ ಕ್ಯಾಮೆರಾ ಓಡುವುದು ಅಡುಗೆಮನೆಗೆ. ಅಲ್ಲಿ ಅಡುಗೆಯವನು ಹುರುಳಿಕಾಯಿ ಹೆಚ್ಚುತ್ತಿರುತ್ತಾನೆ. ಅವನ ಚಾಕು, ಅವನ ಹಣೆಯ ಬೆವರು, ಅವನ ಓರೆನೋಟ, ಇವುಗಳನ್ನು ಒಂದೊಂದಾಗಿ ತೀರ ಹತ್ತಿರದಿಂದ ತೋರಿಸಿ, ಪ್ರತಿಯೊಂದಕ್ಕೂ ಹಿನ್ನೆಲೆಯಲ್ಲಿ ‘ಧಡ್’ ಎಂದು ಬಡಿಯಲಾಗುತ್ತದೆ. ಮನೆಯಲ್ಲಿ ಹೆಣ ಬಿದ್ದಿರುವಾಗ ಹುರುಳಿಕಾಯಿ ಯಾರಿಗಾಗಿ ಎಂದು ಯಾರೂ ಕೇಳುವುದಿಲ್ಲ. ತನಿಖೆಗೆ ಬಂದ ಪೊಲೀಸರಿಗೆ ಊಟ ಹಾಕಬೇಕಲ್ಲ! ಊಟ ಮುಗಿಸಿದ ಅದೇ ಪೊಲೀಸರು ಅವನನ್ನು ಠಾಣೆಗೆ ಎಳೆದೊಯ್ದು, ಮಧ್ಯಂತರದವರೆಗೆ ಬಡಿದು, ಅಷ್ಟರಲ್ಲಿ ಇನ್ನೊಂದು ಕೊಲೆಯಾದುದರಿಂದ ಇವನಲ್ಲವೆಂದು ತೀರ್ಮಾನಿಸುತ್ತಾರೆ. ಆಮೇಲೆ ಅವನಿಗೆ ಕಥೆಯಲ್ಲಿ ಜಾಗವಿಲ್ಲ. ಅವನಿಗೆ ಕೆಲಸ ವಾಪಸು ಸಿಕ್ಕಿತೇ, ಮುರಿದ ಬೆರಳು ಕೂಡಿಕೊಂಡಿತೇ ಎಂಬುದು ಯಾವ ಎರಡನೇ ಭಾಗದಲ್ಲಿಯೂ ಬರುವುದಿಲ್ಲ.

1928ರಲ್ಲಿ ಅಮೆರಿಕದ ಪತ್ತೇದಾರಿ ಕಾದಂಬರಿಕಾರ ಎಸ್.ಎಸ್. ವ್ಯಾನ್ ಡೈನ್ ಈ ಕಸುಬಿಗೆಂದು 20 ನಿಯಮಗಳನ್ನು ಪ್ರಕಟಿಸಿದ. ಮನೆಯಾಳನ್ನು ಅಪರಾಧಿಯನ್ನಾಗಿ ಮಾಡಕೂಡದು, ಅದು ತೀರ ಸುಲಭದ ಪರಿಹಾರ ಎಂಬುದು ಅವುಗಳಲ್ಲೊಂದು. ಅದರಲ್ಲಿ ಕರುಣೆಯನ್ನು ಹುಡುಕಬೇಡಿ. ಅಪರಾಧಿಯೂ ಅಂತಸ್ತಿನವನೇ ಆಗಿರಬೇಕೆಂಬ ದೊಡ್ಡಸ್ತಿಕೆಯಷ್ಟೇ ಅಲ್ಲಿದೆ. ಮರುವರ್ಷ ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ 10 ಕಟ್ಟಳೆಗಳನ್ನು ಹೊರಡಿಸಿ, ಮುನ್ಸೂಚನೆಯಿಲ್ಲದೆ ಅವಳಿಗಳನ್ನು ತರಕೂಡದೆಂದ. ದ್ವಿಪಾತ್ರವಿಲ್ಲದಿದ್ದರೆ ಅಭಿಮಾನಿಗಳಿಗೆ ಯಾರು ಉತ್ತರ ಹೇಳುವುದೆಂಬ ಚಿಂತೆ ಆ ಪಾದ್ರಿಗಿರಲಿಲ್ಲ.

ವ್ಯಾನ್ ಡೈನನ ನಿಯಮವನ್ನು ನೋಯ್ಡಾದ ಪೊಲೀಸರೂ ಓದಿರಲಿಕ್ಕಿಲ್ಲ. 2008ರ ಮೇ 16ರಂದು ಬಾಲಕಿ ಆರುಷಿ ತನ್ನ ಕೋಣೆಯಲ್ಲಿ ಕೊಲೆಯಾಗಿ ಬಿದ್ದಿದ್ದಾಗ, ಮನೆಗೆಲಸದ ಹೇಮರಾಜ ಕಾಣಿಸುತ್ತಿಲ್ಲ ಎಂಬುದೊಂದೇ ಅವನನ್ನು ಕೊಲೆಗಾರನೆನ್ನಲು ಸಾಕಾಯಿತು. ತಾರಸಿಯ ಬಾಗಿಲಿಗೆ ಬೀಗವಿತ್ತು, ಅಲ್ಲಿ ರಕ್ತದ ಕಲೆಯೂ ಇತ್ತು. ಆದರೂ ಬಾಗಿಲು ತೆರೆಯದೆಯೇ ಅವನ ಹುಡುಕಾಟ ಆರಂಭವಾಯಿತು. ಮರುದಿನ ಬಾಗಿಲು ತೆರೆದಾಗ ಪ್ರಧಾನ ಶಂಕಿತನ ಹೆಣ ತಾರಸಿಯಲ್ಲೇ ಬಿದ್ದಿತ್ತು. ಎಂಥ ತಿರುವು! ಚಿತ್ರಕಥೆಗಾರರು ರೆಸಾರ್ಟಿನಲ್ಲಿ ತಿಂಗಳುಗಟ್ಟಲೆ ಕುಳಿತರೂ ಹೊಳೆಯದ ಇಂಥದ್ದೊಂದನ್ನು ಇಲಾಖೆಯು ಒಂದು ಬೀಗವನ್ನು ಮುಟ್ಟದೆ ಸಾಧಿಸಿತ್ತು.

ಆಮೇಲೆ ಶಂಕೆ ಆರುಷಿಯ ತಂದೆಯ ಮೇಲೆ ಬಂತು; ಸಿಬಿಐ ಬಂದ ಮೇಲೆ ದಂತವೈದ್ಯರಾದ ಆ ತಂದೆಯ ಕ್ಲಿನಿಕ್ಕಿನ ಕಾಂಪೌಂಡರ್ ಮತ್ತು ಇನ್ನಿಬ್ಬರು ಮನೆಗೆಲಸದವರ ಮೇಲೆ ಹೋಯಿತು; ಕೊನೆಗೆ ತಿರುಗಿ ತಂದೆತಾಯಿಯರ ಮೇಲೆ ಬಂದು ನಿಂತಿತು. ಕಾಂಪೌಂಡರನನ್ನು ಮಂಪರು ಪರೀಕ್ಷೆಗೆಂದು ನಮ್ಮ ಬೆಂಗಳೂರಿಗೇ ಕರೆತಂದರು. ಚುಚ್ಚುಮದ್ದಿನ ಅಮಲಿನಲ್ಲಿ ಅವನು ತೊದಲಿದ ಮಾತುಗಳ ದೃಶ್ಯ ಸುದ್ದಿವಾಹಿನಿಗಳಿಗೆ ಸೋರಿ, ಜಾಹೀರಾತುಗಳ ನಡುನಡುವೆ ದೇಶಕ್ಕೆಲ್ಲ ಪ್ರಸಾರವಾಯಿತು. ಆರೋಪಪಟ್ಟಿ ಸಲ್ಲಿಕೆಯಾಗದೆ ಮೂವರೂ ಹೊರಬಂದರು. ಒಪ್ಪಿಗೆಯಿಲ್ಲದೆ ಯಾರನ್ನೂ ಇಂಥ ಪರೀಕ್ಷೆಗೆ ಒಳಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2010ರ ಮೇ ತಿಂಗಳಲ್ಲಿ, ಅದೂ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ. ಈ ವಿಷಯದಲ್ಲಾದರೂ ನಮ್ಮ ನಾಡಿನ ಹೆಸರು ಕಾನೂನಿನ ಪುಸ್ತಕದಲ್ಲಿ ಶಾಶ್ವತವಾಯಿತೆಂದು ಹೆಮ್ಮೆಪಡಬಹುದೇನೋ. ನನಗೆ ಅಷ್ಟು ಉತ್ಸಾಹವಿಲ್ಲ. ಬಡವರ ಮನೆಯ ಮೂರು ಮುಖಗಳನ್ನು ದೇಶವೇ ಗುರುತಿಸುವಂತೆ ಮಾಡಿ, ಸಾಕ್ಷ್ಯವಿಲ್ಲವೆಂದಾದ ಮೇಲೆ ಒಂದು ಮಾತೂ ಆಡದೆ ಮುಂದಿನ ಕೊಲೆಯತ್ತ ಹೊರಟುಬಿಡುವುದು ವಿಡಂಬನೆಗೂ ಒಗ್ಗದಷ್ಟು ನೀಚತನ.

2013ರಲ್ಲಿ ಗಾಜಿಯಾಬಾದಿನ ನ್ಯಾಯಾಲಯ ತಂದೆತಾಯಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2017ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟು ಅವರನ್ನು ಖುಲಾಸೆಗೊಳಿಸಿತು. ಚದುರಿಬಿದ್ದ ಸಂಗತಿಗಳನ್ನು ಸಿನಿಮಾ ನಿರ್ದೇಶಕನಂತೆ ಬಲವಂತವಾಗಿ ಜೋಡಿಸಲು ಹೋಗಿದ್ದಾರೆಂದು ವಿಚಾರಣಾ ನ್ಯಾಯಾಧೀಶರ ಬಗ್ಗೆ ಆ ತೀರ್ಪಿನಲ್ಲಿ ಬರೆಯಲಾಗಿದೆ.

ಅಂಥ ನಿರ್ದೇಶಕರ ಕೊರತೆ ನಮ್ಮ ಅಪಾರ್ಟ್‌ಮೆಂಟುಗಳಲ್ಲಿಯೂ ಇಲ್ಲ. ಮೂರನೇ ಮಹಡಿಯವರ ಬಳೆ ಕಾಣೆಯಾಯಿತೆಂದು ನಿವಾಸಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂದೇಶ ಬಂದರೆ, ಅರ್ಧ ಗಂಟೆಯೊಳಗೆ ಕೆಲಸದಾಕೆಯ ಫೋಟೋ, ಆಕೆ ಒಳಬಂದ ಸಮಯ, ಹೊರಹೋದ ಸಮಯ, ಚೀಲದ ಗಾತ್ರ ಎಲ್ಲವೂ ಅಲ್ಲಿ ಸಂಗ್ರಹವಾಗಿರುತ್ತವೆ. ಮರುದಿನ ಆಕೆಯ ಚೀಲವನ್ನು ಗೇಟಿನಲ್ಲಿ ಬಿಚ್ಚಿಸಿ, ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸಿ ನೋಡಲಾಗುತ್ತದೆ. ವಾರದ ನಂತರ ಬಳೆ ವಾರ್ಡ್‌ರೋಬಿನ ಹಿಂದೆ ಸಿಕ್ಕಾಗ, ‘ಸಿಕ್ಕಿತು, ಎಲ್ಲರಿಗೂ ಧನ್ಯವಾದ’ ಎಂಬ ಸಂದೇಶದ ಕೆಳಗೆ ಮೂವತ್ತು ಜನ ಕೈಮುಗಿದ ಚಿತ್ರ ಹಾಕುತ್ತಾರೆ. ಆ ಗುಂಪಿನಲ್ಲಿ ಕೆಲಸದಾಕೆ ಇರುವುದಿಲ್ಲ.